ಬಿಚ್ಚಿಡಲಾಗದ ಲೋಹ

ಓಲೆ, ಬಳೆ, ಕಾಲ್ಗೆಜ್ಜೆ, ಹೇರ್‌ಪಿನ್ನು ಒಂದೊಂದಾಗಿ ತಟ್ಟೆಗೆ ಬೀಳುತ್ತಿವೆ. "ಲೋಹ ಅನ್ನೋದು ಏನೂ ಒಳಗೆ ಬರಬಾರ್ದಮ್ಮ, ಇನ್ನೊಂದ್ಸಲ ನೋಡ್ಕೊಳ್ಳಿ" ಅನ್ನುತ್ತಾರೆ ಟೆಕ್ನಿಷಿಯನ್. ತಾಯಿ ಮಗಳ ಕೊರಳಿನ ತಾಯತವನ್ನೂ ಬಿಚ್ಚುತ್ತಾಳೆ. ಬಿಚ್ಚಿಡಲಾಗದ ಲೋಹವೊಂದು ಈ ಹದಿನಾರರ ಹುಡುಗಿಯ ತಲೆಯೊಳಗೇ ಸೇರಿಕೊಂಡಿದೆ ಎಂಬ ಗುಮಾನಿಯಿಂದಲೇ ಅವಳನ್ನು ಬೆಂಗಳೂರಿಗೆ ಕಳಿಸಿದ್ದಾರೆ. ತಾಮ್ರ.

ಎಂಆರ್‌ಐ ಕೋಣೆಯಲ್ಲಿ ಚಳಿ. ಹುಡುಗಿಯ ಬಲಗೈ ನಡುಗುತ್ತಿರುವುದು ಚಳಿಗಲ್ಲ. ವರ್ಷದಿಂದ ಅಕ್ಷರ ಸೊಟ್ಟಗಾಗಿ, ಮಾತು ತೊದಲಿ, ಶಾಲೆಯಲ್ಲಿ ಸೋಮಾರಿ ಅನ್ನಿಸಿಕೊಂಡವಳು. ಎಂಟನೇ ವಯಸ್ಸಿನಲ್ಲಿ ಕಾಮಾಲೆ ಬಂದಿತ್ತು. ನಾಟಿ ಔಷಧಿ ಕುಡಿಸಿ ಮರೆತಿದ್ದರು. ತಲೆಯ ಎರಡೂ ಬದಿಗೆ ಸ್ಪಂಜು ತುರುಕುತ್ತಾರೆ. "ಅಲ್ಲಾಡ್ಬೇಡ ಪುಟ್ಟಿ." ನಡುಕವೇ ಕಾಯಿಲೆಯಾದವಳಿಗೆ ಈ ಮಾತು! ಹಲಗೆ ಸುರಂಗದೊಳಕ್ಕೆ ಸರಿಯುತ್ತದೆ. ಟಕ್, ಟಕ್, ಟಕ್. ಆಮೇಲೆ ತಗಡಿಗೆ ಡ್ರಿಲ್ ಹಿಡಿದ ಹಾಗೆ ಒಂದೇ ಸಮನೆ ಗರ್‌ರ್.

ಗಾಜಿನ ಈಚೆ, ಡಾಕ್ಟರ ಕುರ್ಚಿಯ ಹಿಂದೆ ನಿಂತಿದ್ದೇನೆ. ಪರದೆಯ ಮೇಲೆ ಮಿದುಳು ಹೋಳು ಹೋಳಾಗಿ ಬರುತ್ತಿದೆ. ಮಿದುಳಿನಾಳದ ಪುಟಾಮೆನ್ ಎಂಬ ಭಾಗ ಎರಡೂ ಕಡೆ ಬೆಳ್ಳಗಿದೆ. ಇನ್ನೂ ಕೆಳಗೆ, ನಡುಮಿದುಳು. ಮೌಸ್ ಉರುಳಿಸುತ್ತಿದ್ದ ಬೆರಳು ನಿಲ್ಲುತ್ತದೆ. ಬಿಳಿ ಮುಖ, ಎರಡು ಕಪ್ಪು ಕಣ್ಣು, ಆಚೀಚೆ ಕಿವಿ. ಪಾಂಡಾ! 1991ರಲ್ಲಿ ಜಪಾನಿನ ವೈದ್ಯರು ಗುರುತಿಸಿದ ಹೋಲಿಕೆ. ಕಣ್ಣಿನಂತೆ ಕಾಣುವ ರೆಡ್ ನ್ಯೂಕ್ಲಿಯಸ್ ಎಲ್ಲರಲ್ಲೂ ಹಾಗೇ ಕಪ್ಪು. ಸುತ್ತಲಿನದು ಕೆಟ್ಟು ಬೆಳ್ಳಗಾದಾಗ ಮಾತ್ರ ಮುಖ ಮೂಡುತ್ತದೆ. ಬಿಳುಪು ತಾಮ್ರದ್ದಲ್ಲ, ತಾಮ್ರ ಮಾಡಿದ ಗಾಯದ್ದು. ಅದಕ್ಕೆ ಇಷ್ಟು ಮುದ್ದಾದ ಹೆಸರು ಯಾಕಿಟ್ಟರೋ, ನನಗಂತೂ ಸಿಟ್ಟು ಬರುತ್ತದೆ. ತಾಮ್ರ ಸೇರಿಕೊಳ್ಳುವ ಈ ವಿಲ್ಸನ್ ಕಾಯಿಲೆ ಇರುವ ಎಲ್ಲರಲ್ಲೂ ಈ ಮುಖ ಕಾಣುವುದೂ ಇಲ್ಲ.

ಲಂಡನ್ನಿನ ಕಿನ್ನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದ ಕಾಯಿಲೆ. 13ನೇ ಕ್ರೋಮೋಸೋಮಿನ ಒಂದು ಜೀನ್ ಕೆಟ್ಟು, ಮಿಕ್ಕ ತಾಮ್ರವನ್ನು ಪಿತ್ತರಸದ ಜೊತೆ ಆಚೆ ಹಾಕಲು ಲಿವರ್‌ಗೆ ಆಗುವುದಿಲ್ಲ. ಅಲ್ಲಿ ತುಂಬಿ ತುಳುಕಿದ್ದು ಮಿದುಳಿಗೂ ಕಣ್ಣಿಗೂ ಹೋಗಿ ಕೂರುತ್ತದೆ.

"ಸಂಬಂಧದಲ್ಲೇ ಮದುವೇನಾ?" ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರು ತಾಯಿಯನ್ನು ಕೇಳುತ್ತಾರೆ.

"ಸೋದರಮಾವನ್ನೇ ಆಗಿದ್ದು ಸಾರ್." ಸ್ವಲ್ಪ ಹೊತ್ತು ಬಿಟ್ಟು, "ನಮ್ಮತ್ತೆ ದಿನಾ ತಾಮ್ರದ ಚೊಂಬಿನ ನೀರು ಕುಡಿಸ್ತಿದ್ರು. ಅದರಿಂದ ಬಂತಾ?"

"ಅದರಿಂದ ಬಂದಿದ್ದಲ್ಲಮ್ಮ. ಆದ್ರೆ ಇನ್ನು ಬೇಡ." ಪೆನಿಸಿಲಮೈನ್, ಜಿಂಕ್ ಎಂದು ಬರೆಯುತ್ತಾರೆ. ಜೀವನಪೂರ್ತಿ ನುಂಗಬೇಕು. ಚೆನ್ನಾಗಿ ಒಗ್ಗಿದರೆ ಮುಂದಿನ ಸ್ಕ್ಯಾನಿನಲ್ಲಿ ಬಿಳುಪು ಕಡಿಮೆಯಾಗಿರಲೂಬಹುದು. ಬರೆಯುವುದು ನಿಲ್ಲಿಸಿ ತಲೆಯೆತ್ತುತ್ತಾರೆ. "ಇನ್ನೂ ಮಕ್ಕಳಿದಾರಾ?"

ಬಾಗಿಲ ಬಳಿ ಚಿಪ್ಸ್ ತಿನ್ನುತ್ತಿದ್ದ ತಮ್ಮನ ಕಡೆ ಎಲ್ಲರೂ ತಿರುಗುತ್ತಾರೆ. ಅವನಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತ, 24 ಗಂಟೆಯ ಮೂತ್ರ, ಎಲ್ಲ ಆಮೇಲೆ. ಮೊದಲು ಕಣ್ಣು. ಅಕ್ಕನ ಕಪ್ಪುಗುಡ್ಡೆಯ ಅಂಚಿಗೆ ಕಂದು ಹಸಿರಿನ ಉಂಗುರ ಕಂಡಿದ್ದು ಕಣ್ಣು ಪರೀಕ್ಷಿಸುವ ಇದೇ ಸ್ಲಿಟ್ ಲ್ಯಾಂಪಿನಲ್ಲಿ. ಹುಡುಗ ಕೈಯ ಉಪ್ಪನ್ನು ಚಡ್ಡಿಗೆ ಒರೆಸಿಕೊಂಡು, ಗಲ್ಲವನ್ನು ಪಟ್ಟಿಯ ಮೇಲಿಟ್ಟು ಕೂರುತ್ತಾನೆ.

"ಮಿಟುಕಿಸ್ಬೇಡ ಮರಿ, ನನ್ನ ಕಿವಿ ನೋಡು."