ಕಾದಂಬರಿ ಓದುವವಳು ಕೆಟ್ಟುಹೋದಳೇ?

ನಿಮ್ಮ ಮನೆಯಲ್ಲಿ ಕಾದಂಬರಿ ಓದುವ ಹೆಣ್ಣುಮಗಳೊಬ್ಬಳು ಇದ್ದರೆ ಈ ಮಾತುಗಳನ್ನು ನೀವೂ ಕೇಳಿಯೇ ಇರುತ್ತೀರಿ. “ಕಾದಂಬರಿ ಓದಿ ಓದಿ ಅವಳ ತಲೆ ಕೆಟ್ಟಿದೆ.” “ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ಅವಳಿಗೆ ಪರಿವೆಯಿಲ್ಲ.” ಗಂಡಸರು ಸಂಜೆಯಿಡೀ ಕ್ರಿಕೆಟ್ ನೋಡಿದರೆ ಅದು ವಿಶ್ರಾಂತಿ. ಹೆಂಗಸು ಅರ್ಧ ಗಂಟೆ ಪುಸ್ತಕ ಹಿಡಿದು ಕೂತರೆ ಅದು ಸೋಮಾರಿತನ. ಆ ಪುಸ್ತಕ ಪ್ರೇಮಕಥೆಯಾಗಿದ್ದರಂತೂ ಕೇಳುವುದೇ ಬೇಡ.

ನಾನು ಮೂವತ್ತು ವರ್ಷಗಳಿಂದ ಇಂತಹ ಹಗುರ ಕಾದಂಬರಿಗಳನ್ನು ಓದುತ್ತಾ ಬಂದವಳು. ಮನೆ ನಡೆಸಿದ್ದೇನೆ, ಮೂವರು ಮಕ್ಕಳನ್ನು ಬೆಳೆಸಿದ್ದೇನೆ, ಅತ್ತೆಯವರ ಕೊನೆಯ ಕಾಲದಲ್ಲಿ ಅವರ ಸೇವೆಯನ್ನೂ ಮಾಡಿದ್ದೇನೆ. ಇಷ್ಟರ ನಡುವೆ ಇಶಾ ನಮಾಝ್ ಮುಗಿಸಿ, ಅಡುಗೆಮನೆಯ ದೀಪ ಆರಿಸಿದ ಮೇಲೆ ಸಿಗುವ ಒಂದು ಗಂಟೆ ನನ್ನದು. ಆ ಗಂಟೆಯಲ್ಲಿ ಓದಿದ್ದನ್ನು ಕುರಿತು ನನ್ನ ಅನಿಸಿಕೆಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ. ನೀವು ಒಪ್ಪಲೇಬೇಕೆಂದೇನೂ ಇಲ್ಲ.

ಮೊದಲು ಪ್ರೇಮ ಕಾದಂಬರಿಗಳ ವಿಷಯ. ನಾವು ಕಾಲೇಜಿನಲ್ಲಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದವು. ಒಂದು ಕಡೆ ಸಾಯಿಸುತೆ, ಉಷಾ ನವರತ್ನರಾಂ ಅವರ ಕನ್ನಡ ಕಾದಂಬರಿಗಳು, ಇನ್ನೊಂದು ಕಡೆ ಇಂಗ್ಲಿಷಿನ ಮಿಲ್ಸ್ ಆ್ಯಂಡ್ ಬೂನ್. ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿದ ಆ ಪ್ರಕಾಶನ ಸಂಸ್ಥೆ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಮಾರುತ್ತಿತ್ತು. 1930ರ ದಶಕದಲ್ಲಿ ಅದು ಪ್ರೇಮಕಥೆಗಳನ್ನೇ ನೆಚ್ಚಿಕೊಂಡಿತು. ಶ್ರೀಮಂತ ನಾಯಕ, ಬಡ ದಾದಿಯೋ ಟೈಪಿಸ್ಟಳೋ ಆದ ನಾಯಕಿ, ನಡುವೆ ಒಂದು ತಪ್ಪುಕಲ್ಪನೆ, ಕೊನೆಗೆ ಮದುವೆ. ಮೂರು ಪುಸ್ತಕ ಓದಿದವಳು ನಾಲ್ಕನೆಯದರ ಕೊನೆಯನ್ನು ಮೊದಲ ಪುಟದಲ್ಲೇ ಹೇಳಬಲ್ಲಳು.

ಕೊನೆ ಗೊತ್ತಿದ್ದರೂ ಓದುವುದೇಕೆ ಎಂದು ನನ್ನ ಯಜಮಾನರು ಕೇಳುತ್ತಿದ್ದರು. ಉಪ್ಪು, ಖಾರ ಎಷ್ಟೆಂದು ಗೊತ್ತಿದ್ದೂ ನೀವು ದಿನಾ ಮೀನಿನ ಸಾರು ಬೇಕೆನ್ನುವುದಿಲ್ಲವೇ ಎಂದು ನಾನು ಕೇಳುತ್ತಿದ್ದೆ. ಆಸ್ಪತ್ರೆಯ ಚಿಂತೆ, ಶಾಲೆಯ ಫೀಸಿನ ಚಿಂತೆ ತುಂಬಿದ ದಿನದ ಕೊನೆಯಲ್ಲಿ, ಎಲ್ಲವೂ ಸರಿಹೋಗುತ್ತದೆ ಎಂದು ಮೊದಲೇ ಗೊತ್ತಿರುವ ಕಥೆ ಮನಸ್ಸಿಗೆ ಎಷ್ಟು ಹಿತವೆಂದು ಓದಿದವರಿಗೇ ಗೊತ್ತು.

ಆದರೂ ಈ ಕಾದಂಬರಿಗಳಲ್ಲಿ ನನಗೆ ಸಹಿಸಲಾಗದ ಒಂದು ಸಂಗತಿ ಇದೆ. ಹಳೆಯ ಪುಸ್ತಕಗಳಲ್ಲಿ ನಾಯಕ ಗದರುತ್ತಾನೆ, ರಟ್ಟೆ ಹಿಡಿದು ಎಳೆಯುತ್ತಾನೆ, ಎಲ್ಲರ ಮುಂದೆ ಅವಮಾನ ಮಾಡುತ್ತಾನೆ. ಅದೆಲ್ಲ ಅವನ ಆಳವಾದ ಪ್ರೀತಿ ಎಂದು ಕೊನೆಯ ಅಧ್ಯಾಯದಲ್ಲಿ ತಿಳಿಸಲಾಗುತ್ತದೆ! ಇಂದು ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಕಥೆಗಳಲ್ಲೂ ಈ ನಾಯಕ ಸತ್ತಿಲ್ಲ. ಹದಿನಾರರ ಹುಡುಗಿ ಇದನ್ನೇ ಓದುತ್ತಾ ಹೋದರೆ, ನಾಳೆ ಬಯ್ಯುವ ಗಂಡನಲ್ಲಿ, ಫೋನ್ ಕಸಿದುಕೊಳ್ಳುವ ಗಂಡನಲ್ಲಿ ಅವಳು ಪ್ರೀತಿಯನ್ನೇ ಹುಡುಕುತ್ತಾ ಕೂರಬಹುದು. ಹಿರಿಯರು ಹೆದರಬೇಕಾದದ್ದು ಇದಕ್ಕೆ. ಅವರು ಹೆದರುವುದೋ ನಾಯಕ ನಾಯಕಿ ಕೈ ಹಿಡಿದರೆಂಬುದಕ್ಕೆ.

ಒಳ್ಳೆಯ ಪ್ರೇಮ ಕಾದಂಬರಿ ಹೇಗಿರುತ್ತದೆ ಎಂದು ಕೇಳಿದರೆ ನಾನು ಜೇನ್ ಆಸ್ಟೆನ್‌ರ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಅನ್ನು ತೋರಿಸುತ್ತೇನೆ. ಅದು ಪ್ರಕಟವಾದದ್ದು 1813ರಲ್ಲಿ. ಐವರು ಹೆಣ್ಣುಮಕ್ಕಳಿರುವ ಮನೆ. ತಂದೆ ತೀರಿಕೊಂಡರೆ ಮನೆ, ಜಮೀನು ಎಲ್ಲವೂ ಹೆಣ್ಣುಮಕ್ಕಳಿಗೆ ಸಿಗದೆ ಕಾಲಿನ್ಸ್ ಎಂಬ ದೂರದ ಸಂಬಂಧಿಗೆ ಹೋಗುತ್ತದೆ. ತಾಯಿಗೆ ಹಗಲಿರುಳು ಮದುವೆಯದೇ ಧ್ಯಾನ. ಈ ತಾಯಿಯನ್ನು ನಾನು ನಮ್ಮ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಗಳಿಕೆ, ಆಸ್ತಿಯ ಮೇಲೆ ಗಂಡನದೇ ಹಿಡಿತ. ಅದನ್ನು ಸರಿಪಡಿಸುವ ಕಾನೂನುಗಳು ಬಂದದ್ದು 1870 ಮತ್ತು 1882ರಲ್ಲಿ. ನಮ್ಮಲ್ಲಿ ಮಹ್ರ್ ಹೆಣ್ಣಿನದೇ, ತಂದೆಯ ಆಸ್ತಿಯಲ್ಲೂ ಅವಳಿಗೆ ಪಾಲುಂಟು. ಅದು ಎಷ್ಟು ಜನರ ಕೈಗೆ ನಿಜವಾಗಿ ತಲುಪಿದೆ ಎಂಬುದು ಬೇರೆ ಪ್ರಶ್ನೆ, ಅದನ್ನು ನಾವು ನಾವೇ ಕೇಳಿಕೊಳ್ಳಬೇಕು.

ಆ ಕಾಲಿನ್ಸ್ ಬಂದು ಎಲಿಝಬೆತ್‌ಳನ್ನು ಮದುವೆಯಾಗೆಂದು ಕೇಳುತ್ತಾನೆ. ಅವಳು ಸ್ಪಷ್ಟವಾಗಿ ಬೇಡವೆನ್ನುತ್ತಾಳೆ. ಹೆಣ್ಣುಮಕ್ಕಳು ಮೊದಲು ಬೇಡ ಅನ್ನುವುದು ವಾಡಿಕೆ, ಇದು ನಾಚಿಕೆ ಇರಬೇಕು ಎಂದು ಅವನೇ ಅರ್ಥ ಮಾಡಿಕೊಳ್ಳುತ್ತಾನೆ. ಎಷ್ಟು ಸಲ ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ನಾಯಕನಾದ ಡಾರ್ಸಿಯೂ ಮೊದಲ ಸಲ ಅಹಂಕಾರದಿಂದಲೇ ಕೇಳಿ, ಅವಳಿಂದ ಬೇಡವೆನಿಸಿಕೊಳ್ಳುತ್ತಾನೆ. ಆದರೆ ಅವನು ಅವಳ ಮಾತನ್ನು ಕೇಳಿಸಿಕೊಳ್ಳುತ್ತಾನೆ, ತನ್ನನ್ನು ತಿದ್ದಿಕೊಳ್ಳುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ಇಷ್ಟೇ. ನನಗನಿಸುವಂತೆ ಹೆಣ್ಣುಮಕ್ಕಳಿಗೆ ಕಲಿಸಬೇಕಾದದ್ದೂ ಇಷ್ಟೇ.

ಇದು ಪುಸ್ತಕದ ಮಾತಾಗಿಯೇ ಉಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಗಲ್ಫ್‌ನಲ್ಲಿ ಕೆಲಸ, ಒಳ್ಳೆಯ ಮನೆತನ. ಇವಳು ಆಗತಾನೇ ಶಾಲೆಯಲ್ಲಿ ಟೀಚರ್ ಆಗಿದ್ದಳು. ಕೆಲಸ ಬಿಡಲಾರೆ ಎಂದು ಇವಳು ಎರಡು ಬಾರಿ ಹೇಳಿದರೂ ಆತ ನಕ್ಕು, “ಮದುವೆಯಾದ ಮೇಲೆ ನೀನೇ ಬಿಡುತ್ತೀ” ಅಂದನಂತೆ. ರಾತ್ರಿ ನನಗೆ ಫೋನ್ ಮಾಡಿ, “ಮಾಮಿ, ಇವನು ಕಾಲಿನ್ಸ್. ನಾನು ಬೇಡ ಅಂದದ್ದು ಇವನಿಗೆ ಕೇಳಿಸುವುದೇ ಇಲ್ಲ” ಎಂದಳು. ಆ ಪುಸ್ತಕ ಅವಳಿಗೆ ಕೊಟ್ಟವಳು ನಾನೇ. ಅಣ್ಣನಿಗೆ ಸಿಟ್ಟು ಬಂತು, ಕಾದಂಬರಿ ಕೊಟ್ಟು ಹುಡುಗಿಯನ್ನು ಕೆಡಿಸಿದೆ ಎಂದು ನನ್ನ ಮೇಲೆ ಹರಿಹಾಯ್ದ. ಮಗಳ ಒಪ್ಪಿಗೆ ಇಲ್ಲದೆ ನಿಕಾಹ್ ಹೇಗೆ ಮಾಡಿಸುತ್ತೀ ಅಣ್ಣಾ ಎಂದಷ್ಟೇ ಕೇಳಿದೆ. ಎರಡು ತಿಂಗಳು ಅವನು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಸಂಬಂಧ ಕೈಬಿಟ್ಟಿತು. ಹುಡುಗಿ ಇಂದಿಗೂ ಪಾಠ ಮಾಡುತ್ತಿದ್ದಾಳೆ, ಮದುವೆಯೂ ಆಗಿದೆ. ಅವಳ ಗಂಡ ಡಾರ್ಸಿಯಂತೆ ಶ್ರೀಮಂತನಲ್ಲ, ಸ್ಕೂಟರಿನಲ್ಲಿ ಓಡಾಡುತ್ತಾನೆ. ಅವಳು ಮಾತಾಡಿದರೆ ಕೇಳಿಸಿಕೊಳ್ಳುತ್ತಾನೆ.

ಇನ್ನು ರಜೆಯ ಕಾದಂಬರಿಗಳು. ಪ್ರವಾಸ, ಸಮುದ್ರತೀರ, ಹೊಸ ಊರು ಎಂದು ಸಾಗುವ ಕಥೆಗಳು. ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಎಲಿಝಬೆತ್ ಫಾನ್ ಆರ್ನಿಮ್ ಎಂಬ ಲೇಖಕಿ 1922ರಲ್ಲಿ ಪ್ರಕಟಿಸಿದ ‘ದಿ ಎನ್‌ಚಾಂಟೆಡ್ ಎಪ್ರಿಲ್’. ಲಂಡನ್ನಿನ ಮಳೆಗಾಲದಂತಹ ಚಳಿಯಲ್ಲಿ ಒಬ್ಬ ಗೃಹಿಣಿ ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡುತ್ತಾಳೆ. ಇಟಲಿಯ ಸಮುದ್ರದಂಡೆಯ ಹಳೆಯ ಕೋಟೆಮನೆ ಎಪ್ರಿಲ್ ತಿಂಗಳಿಗೆ ಬಾಡಿಗೆಗಿದೆ. ಬಾಡಿಗೆ 60 ಪೌಂಡ್. ಬಟ್ಟೆಬರೆಗೆ ಸಿಗುತ್ತಿದ್ದ ಹಣದಲ್ಲಿ ಉಳಿಸಿದ್ದು ಅವಳ ಬಳಿ ಇದೆ. ಪರಿಚಯವೇ ಇಲ್ಲದ ನಾಲ್ವರು ಹೆಂಗಸರು ಸೇರಿ, ಬಾಡಿಗೆ ಹಂಚಿಕೊಂಡು ಹೊರಡುತ್ತಾರೆ.

ಅಲ್ಲಿ ಏನು ನಡೆಯುತ್ತದೆ? ಹೆಚ್ಚೇನೂ ಇಲ್ಲ. ಅವರು ಹೂವು ನೋಡುತ್ತಾರೆ, ನಿದ್ದೆ ಮಾಡುತ್ತಾರೆ, ಯಾರೋ ಮಾಡಿದ ಊಟ ಉಣ್ಣುತ್ತಾರೆ. ಅಷ್ಟರಲ್ಲೇ ಅವರ ಮುಖದ ಗಂಟು ಸಡಿಲವಾಗುತ್ತದೆ. ಗಂಡಂದಿರ ಮೇಲಿನ ಹಳೆಯ ಕಹಿಯೂ ಇಳಿಯುತ್ತದೆ. ಮೊದಲ ಹೆಂಗಸು ಗಂಡನನ್ನು ತಾನಾಗಿಯೇ ಅಲ್ಲಿಗೆ ಕರೆಸಿಕೊಳ್ಳುತ್ತಾಳೆ.

ಈ ಪುಸ್ತಕ ಮುಚ್ಚಿಟ್ಟು ನಾನು ಬಹಳ ಹೊತ್ತು ಯೋಚಿಸಿದೆ. ನಮ್ಮ ಮನೆಗಳಲ್ಲಿ ರಜೆ ಯಾರಿಗೆ? ಮಕ್ಕಳಿಗೆ ಎಪ್ರಿಲ್ ರಜೆ ಬಂದರೆ ತಾಯಿಗೆ ಮೂರು ಹೊತ್ತಿನ ಜೊತೆ ಇನ್ನೆರಡು ಹೊತ್ತಿನ ಅಡುಗೆ. ಹಬ್ಬದ ರಜೆಯಲ್ಲಿ ಎಲ್ಲರೂ ಹೊಸ ಬಟ್ಟೆ ತೊಟ್ಟು ಕೂತಿರುವಾಗ ಅವಳು ಬಿರಿಯಾನಿಯ ಚೆಂಬಿನ ಮುಂದೆ ಬೆವರುತ್ತಿರುತ್ತಾಳೆ. ಕುಟುಂಬವೆಲ್ಲ ಪ್ರವಾಸ ಹೊರಟರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವವಳೂ ಅವಳೇ. ಮೊದಲಾದರೆ ತವರುಮನೆ ಎಂಬ ಒಂದು ತಂಗುದಾಣವಿತ್ತು. ಉಮ್ಮ ಇರುವವರೆಗೆ ನಾನೂ ಅಲ್ಲಿ ಬೆಳಗ್ಗೆ ಎಂಟರವರೆಗೆ ಮಲಗುತ್ತಿದ್ದೆ, ಯಾರೂ ಎಬ್ಬಿಸುತ್ತಿರಲಿಲ್ಲ. ಉಮ್ಮ ಹೋದ ಮೇಲೆ ತವರಿಗೆ ನಾನೊಬ್ಬಳು ಅತಿಥಿ. ಇಟಲಿಗೆ ಹೋಗುವ ಯೋಗ ನಮಗಿಲ್ಲದಿರಬಹುದು. ಆದರೆ ವರ್ಷಕ್ಕೆ ಎರಡು ದಿನ ಮನೆಯ ಹೆಂಗಸಿಗೆ ಅಡುಗೆಯಿಂದ ಬಿಡುಗಡೆ ಕೊಡಲು ಕೋಟೆಮನೆ ಬೇಕೇ? ಈ ಸಾಲನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಮೂರನೆಯದು ಮಾಯಾಲೋಕದ ಕಥೆಗಳು. ಇವು ಮಕ್ಕಳಿಗೆ ಎಂದು ಹಲವರ ಎಣಿಕೆ. ಅಲಿಫ್ ಲೈಲಾದ ಹಾರುವ ಚಾಪೆಯ ಕಥೆ ಕೇಳುತ್ತಾ ಬೆಳೆದ ನಮಗೆ ಇದು ಹೊಸತಲ್ಲ. ಆ ಕಥೆಗಳನ್ನೆಲ್ಲ ಹೇಳುವವಳೂ ಹೆಣ್ಣೇ, ಶಹರಾಝಾದ್. ದಿನಕ್ಕೊಬ್ಬಳನ್ನು ಮದುವೆಯಾಗಿ ಕೊಲ್ಲಿಸುತ್ತಿದ್ದ ಬಾದಶಹನ ಕೈಯಿಂದ ತನ್ನ ಜೀವವನ್ನೂ ಇತರ ಹುಡುಗಿಯರ ಜೀವವನ್ನೂ ಕಥೆಯಿಂದಲೇ ಉಳಿಸಿದಳು. ಕಥೆ ಕೇಳಿ ಕೆಟ್ಟವರ ಲೆಕ್ಕ ಇಡುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ಡಯಾನಾ ವಿನ್ ಜೋನ್ಸ್ ಅವರ ‘ಹೌಲ್ಸ್ ಮೂವಿಂಗ್ ಕಾಸಲ್’ 1986ರಲ್ಲಿ ಬಂದ ಕಾದಂಬರಿ. ನಾನು ಅದನ್ನು ಮಗಳ ಒತ್ತಾಯಕ್ಕೆ ಓದಿದೆ. ಟೋಪಿ ಅಂಗಡಿಯಲ್ಲಿ ತಲೆತಗ್ಗಿಸಿ ಹೊಲಿಯುತ್ತಾ ಕೂರುವ ಸೋಫಿ ಮನೆಯ ಹಿರಿಯ ಮಗಳು. ಹಿರಿಯ ಮಗಳಿಗೆ ಒಳ್ಳೆಯದಾಗುವುದಿಲ್ಲ ಎಂದು ತಾನೇ ನಂಬಿ ಕೂತವಳು. ಒಬ್ಬ ಮಾಟಗಾತಿ ಅವಳನ್ನು ತೊಂಬತ್ತರ ಮುದುಕಿಯಾಗಿ ಮಾಡುತ್ತಾಳೆ. ವಿಚಿತ್ರವೆಂದರೆ, ಮುದುಕಿಯಾದ ಮೇಲೆ ಅವಳ ಭಯ ಹೋಗುತ್ತದೆ! ಮನೆ ಬಿಟ್ಟು ಹೊರಡುತ್ತಾಳೆ, ಎಲ್ಲರೂ ಹೆದರುವ ಮಾಂತ್ರಿಕನನ್ನೇ ಗದರುತ್ತಾಳೆ. ಅವಳೊಳಗೂ ಒಂದು ಶಕ್ತಿ ಇತ್ತು, ಅವಳಿಗೇ ಗೊತ್ತಿರಲಿಲ್ಲ. ನಮ್ಮಲ್ಲೂ ಎಷ್ಟೋ ಹೆಂಗಸರಿಗೆ ಮನಸ್ಸಿನ ಮಾತು ಬಾಯಿಗೆ ಬರುವುದು ತಲೆ ನರೆತ ಮೇಲೆಯೇ. ಅಷ್ಟು ಕಾಲ ಕಾಯಬೇಕೇ ಎಂದು ಆ ಪುಸ್ತಕ ನನ್ನನ್ನು ಕೇಳಿದಂತಾಯಿತು.

ಇದಕ್ಕಿಂತ ಎಷ್ಟೋ ಮೊದಲು, 1905ರಲ್ಲಿ, ನಮ್ಮದೇ ಸಮುದಾಯದ ರುಕಯ್ಯಾ ಸಖಾವತ್ ಹುಸೇನ್ ‘ಸುಲ್ತಾನಾಸ್ ಡ್ರೀಮ್’ ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದು ಹೆಂಗಸರು ಆಳುವ ನಾಡು. ಅಲ್ಲಿ ಗಂಡಸರು ಮನೆಯೊಳಗೆ. ಬಿಸಿಲಿನ ಶಾಖದಲ್ಲೇ ಅಡುಗೆ, ಹೊಗೆಯಿಲ್ಲ, ಮಸಿಯಿಲ್ಲ. ಗಾಳಿಯಲ್ಲಿ ತೇಲುವ ವಾಹನ. ಓದುತ್ತಾ ನಗು ಬರುತ್ತದೆ. ಬರೆದವರ ಬದುಕು ತಿಳಿದರೆ ಆ ನಗು ನಿಲ್ಲುತ್ತದೆ. ಆಕೆಗೆ ಇಂಗ್ಲಿಷ್ ಕಲಿಸಿದ್ದು ಅಣ್ಣ, ಅದೂ ಮನೆಯವರ ಕಣ್ಣು ತಪ್ಪಿಸಿ ರಾತ್ರಿ ಹೊತ್ತಿನಲ್ಲಿ. ಮುಂದೆ ಆಕೆ 1909ರಲ್ಲಿ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು, 1911ರಲ್ಲಿ ಕಲ್ಕತ್ತಾದಲ್ಲಿ ಅದನ್ನು ಮತ್ತೆ ಆರಂಭಿಸಿದರು. ಮೊದಲು ಕನಸಿನ ಕಥೆ ಬರೆದ ಕೈಯೇ ಆಮೇಲೆ ಶಾಲೆ ಕಟ್ಟಿತು.

ನಮ್ಮ ಕನ್ನಡದಲ್ಲೂ ಹೆಂಗಸರ ಕಾದಂಬರಿಯೆಂದು ಮೂಗು ಮುರಿದವರಿದ್ದರು. ಆದರೆ ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನಪಿಸಿಕೊಳ್ಳಿ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರ ಸಂಶಯ ಮತ್ತೆ ಕಾಯಿಲೆಗೆ ತಳ್ಳುತ್ತದೆ. ಬಾಣಂತಿಯ ಮನಸ್ಸಿನ ಬಗ್ಗೆ ನಮ್ಮ ಎಷ್ಟೋ ಮನೆಗಳಿಗೆ ಮೊದಲು ತಿಳಿಸಿದ್ದು ವೈದ್ಯರಲ್ಲ, ಈ ಕಾದಂಬರಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರೂ ಹೆಮ್ಮೆಪಟ್ಟರು. ಹೆಣ್ಣು ಬರೆದದ್ದಕ್ಕೆ ಹೆಮ್ಮೆ ಪಡುವವರು ಹೆಣ್ಣು ಓದುವುದಕ್ಕೂ ಸ್ವಲ್ಪ ಜಾಗ ಕೊಡಬೇಡವೇ?

ಸಹೋದರಿಯರೇ, ಸಿಕ್ಕಿದ್ದೆಲ್ಲ ಓದಿ ಎಂದು ನಾನು ಹೇಳುತ್ತಿಲ್ಲ. ಅಕ್ಕಿಯನ್ನು ಆರಿಸುವಂತೆ ಪುಸ್ತಕವನ್ನೂ ಆರಿಸಬೇಕು. ಕಥೆಯ ಗಂಡು ಹೆಣ್ಣಿನ ಮಾತನ್ನು ಕೇಳಿಸಿಕೊಳ್ಳುತ್ತಾನೆಯೇ? ಹೆಣ್ಣು ತನ್ನ ಬುದ್ಧಿಯಿಂದ ಒಂದು ಹೆಜ್ಜೆಯಾದರೂ ಇಡುತ್ತಾಳೆಯೇ? ಪುಸ್ತಕ ಮುಚ್ಚಿದಾಗ ಮನೆಯವರ ಮೇಲೆ ಪ್ರೀತಿ ಹೆಚ್ಚುತ್ತದೆಯೇ, ಜಿಗುಪ್ಸೆ ಹೆಚ್ಚುತ್ತದೆಯೇ? ಇಷ್ಟು ಕೇಳಿ ನೋಡಿದರೆ ಜೊಳ್ಳು ತಾನಾಗಿ ಹಾರಿಹೋಗುತ್ತದೆ.

ಮಗಳ ಕೈಯಲ್ಲಿ ಕಾದಂಬರಿ ಕಂಡರೆ ದಯವಿಟ್ಟು ಕಸಿಯಬೇಡಿ. ಕಸಿದ ಪುಸ್ತಕ ದಿಂಬಿನಡಿಗೆ ಹೋಗುತ್ತದೆ, ಇಂದಿನ ದಿನಗಳಲ್ಲಿ ಮೊಬೈಲಿನೊಳಗೆ ಹೋಗುತ್ತದೆ. ಅವಳ ಪಕ್ಕ ಕೂತು, ಈ ಹುಡುಗ ನಿನಗೆ ಹಿಡಿಸಿದನೇ, ಯಾಕೆ ಎಂದು ಕೇಳಿ. ನೇರವಾಗಿ ಕೇಳಿದರೆ ಅವಳು ಹೇಳದ ಎಷ್ಟೋ ಮಾತುಗಳು ಕಥೆಯ ನೆಪದಲ್ಲಿ ಹೊರಬರುತ್ತವೆ. ಆಮೇಲೆ ಅವಳು ಓದಿ ಮುಗಿಸಿದ ಪುಸ್ತಕವನ್ನು ನೀವೂ ಒಮ್ಮೆ ಓದಿ ನೋಡಿ.