ರಕ್ತ ಕೊಟ್ಟವರಿಗೆ ಮಾತು ಸಿಗಬೇಕು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ಯಾವ ತಾಲ್ಲೂಕಿನ ಹಳ್ಳಿಗೇ ಹೋಗಿ, ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದರೆ 'ಸೋದರಮಾವಗ ಹೆಂಡತಿ ಬಂದಳು' ಎಂದು ಚೇಷ್ಟೆ ಮಾಡುವ ಮುದುಕಿಯೊಬ್ಬಳು ಇದ್ದೇ ಇರುತ್ತಾಳೆ. ಎಷ್ಟೋ ಮನೆಗಳಲ್ಲಿ ಈ ಚೇಷ್ಟೆ ಇಪ್ಪತ್ತು ವರ್ಷದ ನಂತರ ನಿಜವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 27 ಮಂದಿ ಸಂಬಂಧದೊಳಗೇ ಮದುವೆಯಾದವರು. ಹೊಲ ಒಡೆಯಬಾರದು, ಮಗಳು ಗುರುತಿಲ್ಲದವರ ಮನೆಯಲ್ಲಿ ಕಣ್ಣೀರು ಹಾಕಬಾರದು ಎಂಬ ಹಿರಿಯರ ಲೆಕ್ಕಾಚಾರವನ್ನು ಮೂಢತನವೆಂದು ತಳ್ಳಿಹಾಕುವಂತಿಲ್ಲ. ಇಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಂತರೇ.

ಆದರೆ ವಿಜ್ಞಾನಕ್ಕೂ ಒಂದು ಲೆಕ್ಕವಿದೆ. ನಮ್ಮ ಪ್ರತಿಯೊಂದು ಗುಣಕ್ಕೂ ವಂಶವಾಹಿಗಳು ಜೋಡಿಯಾಗಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಕೆಲವು ಕಾಯಿಲೆಗಳಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಸಂಭಾಳಿಸುತ್ತದೆ. ಅಂಥವನು ಕಾಯಿಲೆಯವನಲ್ಲ, ಬರೀ ವಾಹಕ. ವಾಹಕರಿಬ್ಬರು ಗಂಡಹೆಂಡಿರಾದಾಗ ಮಾತ್ರ ಮಗುವಿಗೆ ಎರಡೂ ಕೆಟ್ಟವೇ ಸಿಗುವ ಸಂಭವವಿದೆ. ಸೋದರಮಾವ ಮತ್ತು ಸೊಸೆಯ ನಡುವೆ ವಂಶವಾಹಿಗಳ ನಾಲ್ಕನೆಯ ಒಂದು ಭಾಗ, ಅತ್ತೆ ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಭಾಗ ಸಮಾನವಾಗಿರುವುದರಿಂದ ಸಂಬಂಧದೊಳಗಿನ ಮದುವೆಯಲ್ಲಿ ಈ ಸಂಭವ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತದ ತೊಟ್ಟುಗಳನ್ನು ಪರೀಕ್ಷಿಸಿ ಇಂಥ ಆನುವಂಶಿಕ ದೋಷಗಳನ್ನು ಹುಡುಕಿದ್ದರು.

ಇದನ್ನು ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡ ಇಟ್ಟುಕೊಂಡು ಹೇಳುವುದು ಸುಲಭ. ಬಟಾಣಿಗೆ ಅತ್ತೆಮನೆ ಇಲ್ಲ. ಮನುಷ್ಯರ ವಿಷಯ ಬೇರೆ. ಪಟ್ಟಣದ ಆಸ್ಪತ್ರೆಯಿಂದ ತಂದ ಇಂಗ್ಲಿಷ್ ರಿಪೋರ್ಟು ಹಿಡಿದು ಪಾಲಕರು ನಮ್ಮಂಥ ವಿಜ್ಞಾನ ಮಾಸ್ತರರ ಹತ್ತಿರ ಬರುವುದುಂಟು. 'ಪಾಸಿಟಿವ್ ಅಂತ ಬರದಾರ್ರಿ, ಛಲೋ ಆತಲ್ಲ?' ಎಂದು ಒಬ್ಬರು ನಗುಮುಖದಿಂದ ಕೇಳಿದ್ದರು. 'ಕ್ಯಾರಿಯರ್' ಎಂಬ ಶಬ್ದ ನೋಡಿ ಇನ್ನೊಬ್ಬ ತಂದೆ, ತನ್ನ ಮಗಳಿಗೆ ಅಂಟುರೋಗ ಬಂದಿದೆಯೆಂದು ಅವಳ ತಾಟು ಲೋಟ ಬೇರೆ ಇಡಿಸಿದ್ದ. ಪರೀಕ್ಷೆ ಸರಿಯಾಗಿಯೇ ಆಗಿತ್ತು, ಅದರ ಅರ್ಥ ಹೇಳುವವರು ನಡುವೆ ಯಾರೂ ಇರಲಿಲ್ಲ.

ನನಗೆ ಪರಿಚಯದ ಒಂದು ಕುಟುಂಬದ ಸಂಗತಿ ಹೇಳುತ್ತೇನೆ. ಹುಡುಗಿಯನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ಚೊಚ್ಚಲ ಕೂಸು ಆರು ತಿಂಗಳು ದಾಟಿದ ಮೇಲೆ ಬಿಳಿಚಿಕೊಳ್ಳತೊಡಗಿತು. ಥಲಸ್ಸೇಮಿಯಾ ಎಂದರು. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು, ಹಾಗೆ ಹಾಕಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣವನ್ನು ತೆಗೆಯಲು ಮತ್ತೆ ಔಷಧಿ. ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷಿಸಿ, ಇಬ್ಬರೂ ವಾಹಕರು, ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಂಭವ ಎಂದು ತಿಳಿಸಿದ್ದರು.

ತಂದೆ ನನ್ನ ಮುಂದೆ ಬೆರಳು ಮಡಿಚಿ ಲೆಕ್ಕ ಹಾಕಿದ. 'ನಾಲ್ಕರಾಗ ಒಂದು ಅಂದರು. ಆ ಒಂದು ಆಗಿಹೋತಲ್ಲರಿ ಸರ, ಇನ್ನ ಮೂರು ಛಲೋನ ಹುಟ್ಟತಾವ.' ನಾನು ಎರಡು ನಾಣ್ಯ ತೆಗೆದು ಅವನ ಕೈಗೆ ಕೊಟ್ಟೆ, ಒಂದು ಅವನದು, ಒಂದು ಹೆಂಡತಿಯದು. ಎರಡೂ ಸಿಂಹದ ಮುಖ ಬಿದ್ದರೆ ಕಾಯಿಲೆ. ಹಾರಿಸುತ್ತಾ ಹೋದ. ಒಮ್ಮೆ ಸಾಲಾಗಿ ಎರಡು ಸಲ ಸಿಂಹವೇ ಬಿದ್ದವು. ಅವನು ಸುಮ್ಮನಾದ. ಹಿಂದಿನ ಸಲ ಏನು ಬಿತ್ತೆಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ, ಗರ್ಭಕ್ಕೂ ಹಾಗೆಯೇ.

ಅವನ ಹೆಂಡತಿಯ ಸಂಕಟ ಲೆಕ್ಕದ್ದಲ್ಲ. 'ನಿನ್ನ ಹೊಟ್ಟಿ ಸರಿ ಇಲ್ಲ' ಎಂದು ಅತ್ತೆ ದಿನವೂ ಆಡುತ್ತಿದ್ದಳಂತೆ. ಮುಂದೆ ಆ ಮನೆಯವರು ಆನುವಂಶಿಕ ಆಪ್ತ ಸಲಹೆಗೆ ಹೋದಾಗ ನಾನೂ ಜೊತೆಗಿದ್ದೆ. ಸಲಹೆಗಾರ್ತಿ ಮೊದಲು ಮಾಡಿದ ಕೆಲಸ ಮೂರು ತಲೆಮಾರಿನ ಚಿತ್ರ ಬರೆದದ್ದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ವಾಹಕರಾದವರಿಗೆ ಅರ್ಧ ಕಪ್ಪು. ಗಂಡನ ಚೌಕ ಅರ್ಧ ಕಪ್ಪು, ಹೆಂಡತಿಯ ವೃತ್ತವೂ ಅಷ್ಟೇ ಕಪ್ಪು. ಆಮೇಲೆ ಅವರು ಪೆನ್ಸಿಲನ್ನು ಮೇಲಕ್ಕೆ ಎಳೆದರು. ಇಬ್ಬರಿಗೂ ಒಂದೇ ಅಜ್ಜ ಅಜ್ಜಿ. ದೋಷ ಬಹುಶಃ ಅಲ್ಲಿಂದಲೇ ಹೊರಟು ಒಂದು ದಾರಿಯಲ್ಲಿ ಅಣ್ಣನ ಮೂಲಕ ಸೊಸೆಗೆ, ಇನ್ನೊಂದು ದಾರಿಯಲ್ಲಿ ತಂಗಿಯ ಮೂಲಕ ಮಗನಿಗೆ ಬಂದಿತ್ತು. ಆ ತಂಗಿಯೇ ಅಲ್ಲಿ ಕುಳಿತಿದ್ದ ಅತ್ತೆ. ಅವಳ ಮುಖ ಬಾಡಿದ್ದನ್ನು ಕಂಡು ಸಲಹೆಗಾರ್ತಿ, 'ಇದನ್ನು ಯಾರೂ ಕೇಳಿ ಪಡೆದದ್ದಲ್ಲ, ಯಾರೂ ಬೇಕೆಂದು ಕೊಟ್ಟದ್ದೂ ಅಲ್ಲ' ಎಂದರು. ಹೊರಗೆ ಬಂದಾಗ ಸೊಸೆ ಕೇಳಿದ್ದು ಒಂದೇ: 'ಆ ಚಿತ್ರದ ಹಾಳಿ ನಮಗ ಕೊಡ್ತಾರೇನ್ರಿ?'

ಮತ್ತೊಂದು ಗಂಟು ಉಳಿದಿತ್ತು. ಅವಳ ತಂಗಿಯನ್ನು ಅದೇ ಮನೆಯ ಮೈದುನನಿಗೆ ಕೊಡುವ ಮಾತಾಗಿತ್ತು. ಹುಡುಗಿಗೆ ಪರೀಕ್ಷೆ ಮಾಡಿಸಿರಿ ಎಂದು ಗಂಡಿನ ಕಡೆಯವರು ಹಟ ಹಿಡಿದರು. ಪಿಯುಸಿ ಓದಿದ್ದ ಆ ಹುಡುಗಿ ಹೇಳಿದಳು: 'ನನ್ನದು ವಾಹಕ ಅಂತ ಬಂದು ಈ ಸಂಬಂಧ ಮುರದರ ಮುಂದ ನನ್ನ ಯಾರ ಮಾಡ್ಕೋತಾರ? ಮೊದಲ ಅವರದ ಆಗಲಿ.' ಈ ಮಾತು ವಿಜ್ಞಾನಕ್ಕೂ ಒಪ್ಪುವಂಥದ್ದು. ಇಬ್ಬರಲ್ಲಿ ಒಬ್ಬರು ವಾಹಕರಲ್ಲವೆಂದು ಖಚಿತವಾದರೆ ಮಕ್ಕಳಿಗೆ ಈ ಕಾಯಿಲೆ ಬರುವ ಭಯವಿಲ್ಲ. ಹುಡುಗನ ರಕ್ತ ಪರೀಕ್ಷೆಯಾಯಿತು. ಅವನು ವಾಹಕನಲ್ಲ. ಆ ಹುಡುಗಿ ಮದುವೆಗೆ ಮುಂಚೆ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಮಾತು ಸಿಗದೆ ಹೋದರೆ ಏನಾಗುತ್ತದೆಂದು ಯೋಚಿಸುವಾಗ ನನಗೆ ಹಂದಿಗೋಡು ನೆನಪಾಗುತ್ತದೆ. ಹಿರೇಕೆರೂರಿನಿಂದ ಶಿಕಾರಿಪುರ ದಾಟಿ ಹೋದರೆ ಸಿಗುವ ಸಾಗರ ತಾಲ್ಲೂಕಿನ ಊರು ಅದು. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟ ಮತ್ತು ಮೊಳಕಾಲು ಕೀಲುಗಳ ವಿಚಿತ್ರ ಬೇನೆ ಬೆಳಕಿಗೆ ಬಂತು. ಕೆಲವರು ನಡೆಯಲಾರದೆ ಹೋದರು, ಕೆಲವರು ಬೆಳೆಯದೆ ಕುಳ್ಳಾದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಸಂಶಯ ಬಂದಿತ್ತು. ನಂತರ ವಂಶವೃಕ್ಷಗಳನ್ನು ಬರೆದು, ಎಕ್ಸ್‌ರೇ ತೆಗೆದು ನೋಡಿದ ತಜ್ಞರು ಇದು ಆನುವಂಶಿಕ ಎಂದರು. 1994ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಪ್ರಬಲ ಗುಣದ ಕಾಯಿಲೆಯೆಂದು ಗುರುತಿಸಿತು. ಎಂದರೆ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಂಭವ. ಇಲ್ಲಿ ಸಂಬಂಧದೊಳಗಿನ ಮದುವೆಯೇ ಬೇಕೆಂದಿಲ್ಲ. ಬೇರಿನಿಂದ ಗುಣಪಡಿಸುವ ಔಷಧಿ ಇಲ್ಲ. ಆದರೆ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ರಕ್ತ ಕೊಟ್ಟವರ ಊರು ವೈದ್ಯಗ್ರಂಥಗಳಲ್ಲಿ ಕಾಯಿಲೆಯಾಗಿ ಅಚ್ಚಾಯಿತು. ಆ ಊರಿನ ಹೆಣ್ಣಿಗೋ ಗಂಡಿಗೋ ಸಂಬಂಧ ಕೇಳುವವರ ಕಿವಿಗೆ ಆ ಹೆಸರು ಹೇಗೆ ಬೀಳುತ್ತದೆಂದು ಓದುಗರೇ ಊಹಿಸಿಕೊಳ್ಳಬಹುದು.

ಆದ್ದರಿಂದ ಆಪ್ತ ಸಲಹೆ ಎಂಬುದು ಪರೀಕ್ಷೆಗೆ ಅಂಟಿಸಿದ ಬಾಲವಲ್ಲ. ಪರೀಕ್ಷೆಗೆ ಮುಂಚೆ ಏಕೆ ಮಾಡುತ್ತೇವೆಂದು ಹೇಳಬೇಕು, ಆದಮೇಲೆ ಏನು ಬಂತೆಂದು ಹೇಳಬೇಕು. ಮುಂದಿನ ತೀರ್ಮಾನ ಮಾತ್ರ ಮನೆಯವರದು. ನಮ್ಮ ಕಾಯಿದೆಯಲ್ಲೂ ಈ ಮಾತು ಬಂದಿದೆ. 1994ರ ಪ್ರಸವಪೂರ್ವ ಪರೀಕ್ಷಾ ಕಾಯಿದೆ ಎಂದರೆ ಹೆಣ್ಣೋ ಗಂಡೋ ಎಂದು ಹೇಳಬಾರದೆಂಬ ಫಲಕವಷ್ಟೇ ಎಲ್ಲರಿಗೂ ಗೊತ್ತು. ಗರ್ಭದ ಆನುವಂಶಿಕ ಪರೀಕ್ಷೆಗೆ ಮುಂಚೆ ಅದರ ತೊಂದರೆಗಳನ್ನು ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೇ ಕೊಡಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಸಂಬಂಧದೊಳಗೆ ಮದುವೆ ಮಾಡುವ ಮೊದಲು, ಮನೆತನದಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ರಕ್ತ ಹಾಕಿಸಿಕೊಳ್ಳುತ್ತಿದ್ದವರು ಇದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿರಿ. ಪರೀಕ್ಷೆಯಾದರೆ ಹುಡುಗನದೂ ಆಗಲಿ. ವಾಹಕ ಎಂಬುದನ್ನು ಬೈಗುಳ ಮಾಡಬೇಡಿರಿ. ವಿದ್ಯಾರ್ಥಿಗಳಿಗೂ ಒಂದು ಮಾತು. ಮೆಂಡಲನ ಪಾಠ ನಾಲ್ಕು ಅಂಕದ ಪ್ರಶ್ನೆಗೆಂದು ಓದುತ್ತೀರಿ, ಓದಿರಿ. ಆದರೆ ನಿಮ್ಮ ಓಣಿಯಲ್ಲಿ ಯಾರಾದರೂ ರಿಪೋರ್ಟು ಹಿಡಿದು ದಿಕ್ಕು ತೋಚದೆ ಕುಳಿತಿದ್ದರೆ, ಹತ್ತಿರ ಕುಳಿತು ಒಂದು ಚೌಕ, ಒಂದು ವೃತ್ತ ಬರೆದು, ಎರಡನ್ನೂ ಸಮನಾಗಿ ಅರ್ಧ ಕಪ್ಪು ಮಾಡಿ ತೋರಿಸಿರಿ. ಉಳಿದದ್ದನ್ನು ವೈದ್ಯರನ್ನೇ ಕೇಳುವ ಧೈರ್ಯ ಅವರಿಗೆ ಬಂದೀತು.