ಹಿತ್ತಾಳೆ ಬೆಸುಗೆಯ ಸೈಕಲ್ಲು

ತಿಪ್ಪಸಂದ್ರದ ನೆಂಟರ ಮನೆಯಲ್ಲಿ ಕೊಟ್ಟಿಗೆ ಗೋಡೆಗೆ ಒರಗಿದ್ದ ಹಳೇ ಹರ್ಕ್ಯುಲಿಸ್ ಸೈಕಲ್ಲಿನ ಧೂಳು ಒರೆಸಿದೆ. ಹ್ಯಾಂಡಲ್ ಕೆಳಗೆ ಕೊಳವೆಗಳು ಕೂಡುವ ಕಡೆ ಅಂಗಿ ತೋಳಿನಂಥ ಒಂದು ಹೊದಿಕೆ ಇರುತ್ತದಲ್ಲ, ಅದೇ ಲಗ್. ಅದರೊಳಗೆ ಕೊಳವೆ ತೂರಿಸಿ, ಕೆಂಪಗೆ ಕಾಯಿಸಿ, ಹಿತ್ತಾಳೆ ಕರಗಿಸುತ್ತಾರೆ. ಉಕ್ಕು ಕರಗುವುದಿಲ್ಲ; ಹಿತ್ತಾಳೆ ತಾನೇ ಸಂದಿಗಿಳಿದು ಹಿಡಿದುಕೊಳ್ಳುತ್ತದೆ. ಹೆಚ್ಚು ಕಾದರೆ ಉಕ್ಕಿನ ಕಸುವೇ ಹೋಗುತ್ತದೆ. ಬಣ್ಣ ನೋಡಿಯೇ ಶಾಖ ತಿಳಿಯುವ ಕಣ್ಣು ಬೇಕು ಅದಕ್ಕೆ. ಎಂಥಾ ಕಸುಬು!

ಹೀಗೆ ಬೆಸೆಯುವ ತುದಿ ದಪ್ಪ, ನಡು ತೆಳುವಾದ ಕೊಳವೆಗೆ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಪೇಟೆಂಟ್ ಪಡೆದದ್ದು 1897ರಲ್ಲಿ. ಸವಾರನ ಅಳತೆ ತೆಗೆದು ಕೈಯಲ್ಲೇ ಫ್ರೇಮ್ ಕಟ್ಟುವವರಿಗೆ 1935ರ ರೆನಾಲ್ಡ್ಸ್ 531 ಕೊಳವೆ ದಶಕಗಳ ಕಾಲ ಅಚ್ಚುಮೆಚ್ಚು. ರೆನಾಲ್ಡ್ಸ್ ಕಂಪನಿಯ ಒಡೆತನವಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆಗೂಡಿಯೇ 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು. ನಮ್ಮೂರುಗಳಿಗೆ ಹರ್ಕ್ಯುಲಿಸ್ ಬಂದದ್ದು ಅಲ್ಲಿಂದ. ಕೊಟ್ಟಿಗೆಯ ಈ ಸೈಕಲ್ಲು ಅಳತೆಗೆ ಕಟ್ಟಿದ್ದಲ್ಲ, ಕಾರ್ಖಾನೆಯದು. ಆದರೂ ಅದೇ ಮನೆತನದ ಕೂಸು.

ನಿಮ್ಮ ಅಜ್ಜನ ಸೈಕಲ್ಲನ್ನು ಗುಜರಿಗೆ ಹಾಕುವ ಮುಂಚೆ ಅದರ ಲಗ್ಗನ್ನು ಒಮ್ಮೆ ಮುಟ್ಟಿ ನೋಡಿ. ಉಕ್ಕಿನ ಫ್ರೇಮ್ ಮುರಿದರೂ ಮತ್ತೆ ಬೆಸೆಯಬಹುದು.